ಬಂಗಾರದ ಬೆಟ್ಟಕ್ಕೆ ಹೋದವರ ಗಂಟುಮೂಟೆ

ಚೀನೀ ವಲಸಿಗರ ವಸ್ತುಸಂಗ್ರಹಾಲಯ ಎಂದೊಡನೆ ಮನಸ್ಸಿಗೆ ಬರುವುದು ಕೆಂಪು ಲಾಟೀನು, ರೇಷ್ಮೆ ನಿಲುವಂಗಿ, ನೀಲಿ ಚಿತ್ತಾರದ ಹೂದಾನಿ. ಅವೂ ಇರುತ್ತವೆ, ಇಲ್ಲವೆಂದಲ್ಲ. ಆದರೆ ಅಮೆರಿಕದ ಪಶ್ಚಿಮ ಸೀಮೆಯಲ್ಲೋ ಆಸ್ಟ್ರೇಲಿಯಾದ ಗಣಿ ಊರುಗಳಲ್ಲೋ ಇರುವ ಇಂಥ ಸಂಗ್ರಹಗಳಲ್ಲಿ ಹೆಚ್ಚಾಗಿ ಕಾಣುವುದು ಇಸ್ತ್ರಿಪೆಟ್ಟಿಗೆ, ಲೆಕ್ಕದ ಪುಸ್ತಕ, ಒಡೆದ ಅನ್ನದ ಬಟ್ಟಲು, ಗಿಡಮೂಲಿಕೆಯ ಡಬ್ಬಿ, ಸರ್ಕಾರಿ ಮುದ್ರೆ ಬಿದ್ದ ಕಾಗದ. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿದ ಮೇಲೆ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಿಂದ, ಅದರಲ್ಲೂ ಟೈಶಾನ್ ಸುತ್ತಮುತ್ತಲ ಕೆಲವೇ ಸೀಮೆಗಳಿಂದ ಹಡಗು ಹತ್ತಿದವರ ಸಾಮಾನು ಅದು. ಅವರ ಬಾಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂಗಾರದ ಬೆಟ್ಟ ಎಂದೇ ಹೆಸರು.

ಈ ಸಾಮಾನಿನ ಬಗ್ಗೆ ಚಾಲ್ತಿಯಲ್ಲಿರುವ ನಂಬಿಕೆಗಳಲ್ಲಿ ಕೆಲವು ಅರೆಸತ್ಯ, ಕೆಲವು ಪೂರಾ ಸುಳ್ಳು. ನನ್ನ ತಕರಾರು ಇಷ್ಟೇ: ಇವನ್ನು ಬರೀ ಚೀನಾದ ಸಂಸ್ಕೃತಿ ಎಂದು ನೋಡುವವರಿಗೆ ಕಥೆಯ ದೊಡ್ಡ ಪಾಲು ಕಾಣುವುದೇ ಇಲ್ಲ. ಇವುಗಳ ಮೇಲಿರುವ ಬೆರಳಚ್ಚುಗಳಲ್ಲಿ ಹೋಗಿ ನೆಲೆಸಿದ ದೇಶದ ಕಾನೂನಿನವೇ ಹೆಚ್ಚು.

ತಪ್ಪು ಕಲ್ಪನೆ: ಇವೆಲ್ಲ ತಲೆಮಾರಿನಿಂದ ತಲೆಮಾರಿಗೆ ಜತನವಾಗಿ ಕಾಯ್ದುಕೊಂಡು ಬಂದ ಮನೆತನದ ಆಸ್ತಿ.

ವಾಸ್ತವ: ಬಹಳಷ್ಟು ಸಿಕ್ಕಿದ್ದು ಕಸದಲ್ಲಿ, ಮಣ್ಣಿನಲ್ಲಿ.

ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ ಹಳೆಯ ತಲೆಮಾರಿನ ಒಂಟಿ ಗಂಡಸರು ಒಬ್ಬೊಬ್ಬರಾಗಿ ತೀರಿಕೊಂಡಂತೆ ಅವರ ಪೆಟ್ಟಿಗೆ, ಪತ್ರ, ಅಂಗಡಿಯ ಫಲಕಗಳೆಲ್ಲ ಬೀದಿಬದಿಯ ಕಸದ ತೊಟ್ಟಿಗೆ ಬೀಳುತ್ತಿದ್ದವು. ಇತಿಹಾಸಕಾರ ಜಾಕ್ ಚೆನ್ ಮತ್ತು ಸಮುದಾಯದ ಕಾರ್ಯಕರ್ತ ಚಾರ್ಲಿ ಲೈ 1980ರಲ್ಲಿ ಅವನ್ನು ಆರಿಸಿ ಕೂಡಿಡಲು ಶುರುಮಾಡಿದರು. ಇಂದಿನ ‘ಮ್ಯೂಸಿಯಂ ಆಫ್ ಚೈನೀಸ್ ಇನ್ ಅಮೆರಿಕ’ದ ಮೂಲ ಅದು. 2020ರ ಜನವರಿಯಲ್ಲಿ ಅದರ ದಾಸ್ತಾನು ಇದ್ದ ಮಲ್ಬೆರಿ ರಸ್ತೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲಿದ್ದ ಸುಮಾರು 85,000 ವಸ್ತುಗಳಿಗೆ ಬೆಂಕಿಗಿಂತ ಅದನ್ನು ಆರಿಸಲು ಸುರಿದ ನೀರಿನ ಕಾಟವೇ ಹೆಚ್ಚಾಯಿತು. ಹಾಗಿದ್ದೂ ಬಹುಪಾಲು ಉಳಿದವು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯದು ಇನ್ನೊಂದು ಬಗೆ. ಅಲ್ಲಿನ ಮಾರ್ಕೆಟ್ ಸ್ಟ್ರೀಟ್ ಚೈನಾಟೌನನ್ನು 1887ರಲ್ಲಿ ಊರಿನ ಆಡಳಿತ ಸಾರ್ವಜನಿಕ ಪಿಡುಗು ಎಂದು ಸಾರಿತು. ಅದೇ ವರ್ಷ ಮೇ 4ರಂದು ಯಾರೋ ಬೆಂಕಿ ಹಚ್ಚಿ ಇಡೀ ಕೇರಿಯನ್ನು ಬೂದಿ ಮಾಡಿದರು. 1980ರ ದಶಕದ ನಡುವಿನಲ್ಲಿ ಹೋಟೆಲು, ಅಂಗಡಿಗಳಿಗೆಂದು ಅದೇ ಜಾಗ ಅಗೆದಾಗ ಆ ಕೇರಿಯ ಬದುಕು ಪಾಯದ ಗುಂಡಿಗಳಲ್ಲಿ ಎದ್ದು ಬಂತು: ಬಟ್ಟಲು, ಹಲ್ಲುಜ್ಜುವ ಬ್ರಷ್ಷು, ಆಟದ ಕಾಯಿ, ಔಷಧಿ ಸೀಸೆ, ಮಕ್ಕಳ ಗೊಂಬೆ. ಅವಸರದಲ್ಲಿ ಅಗೆದು, ಡಬ್ಬದಲ್ಲಿ ತುಂಬಿ, ಉಗ್ರಾಣಕ್ಕೆ ಸೇರಿಸಿದ್ದಾಯಿತು. 2002ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪುರಾತತ್ವಜ್ಞೆ ಬಾರ್ಬರಾ ವಾಸ್ ಅವರ ತಂಡ ಕೈಹಾಕುವ ತನಕ ಆ ಡಬ್ಬಗಳನ್ನು ಸರಿಯಾಗಿ ನೋಡಿದವರಿಲ್ಲ. ನಗರಸಭೆ ಕ್ಷಮೆ ಕೇಳಿದ್ದು 2021ರಲ್ಲಿ.

ತಪ್ಪು ಕಲ್ಪನೆ: ಅಮೆರಿಕದ ನೆಲದಲ್ಲಿ ಸಿಗುವ ಹಳೆಯ ಚೀನೀ ನಾಣ್ಯಗಳು, ಚಿನ್ನದ ಸುದ್ದಿಗಿಂತ ಬಹಳ ಮೊದಲೇ ಚೀನೀ ಹಡಗುಗಳು ಅಲ್ಲಿಗೆ ಹೋಗಿದ್ದವು ಎಂಬುದಕ್ಕೆ ಪುರಾವೆ.

ವಾಸ್ತವ: ನಡುವೆ ಚೌಕದ ತೂತಿರುವ ಹಿತ್ತಾಳೆ ನಾಣ್ಯಗಳು ಗಣಿ ಊರುಗಳಲ್ಲಿ ಹೇರಳವಾಗಿ ಸಿಗುತ್ತವೆ. ಅವುಗಳ ಮೇಲೆ ಕಾಂಗ್‌ಶಿ ದೊರೆಯದೋ ಚಿಯಾನ್‌ಲಾಂಗ್ ದೊರೆಯದೋ ಹೆಸರಿದ್ದರೆ, ಅಂದರೆ 17 ಅಥವಾ 18ನೇ ಶತಮಾನದ್ದಾದರೆ, ಉತ್ಸಾಹಿಗಳು ಕೂಡಲೇ ಇತಿಹಾಸ ತಿದ್ದಲು ಹೊರಡುತ್ತಾರೆ. ಚೀನಾದಲ್ಲಿ ದೊರೆ ಸತ್ತರೂ ಅವನ ನಾಣ್ಯ ಸಾಯುತ್ತಿರಲಿಲ್ಲ. ನೂರಿನ್ನೂರು ವರ್ಷದ ಹಿಂದಿನ ದುಡ್ಡು ಹೊಸ ದುಡ್ಡಿನ ಜತೆ ಒಂದೇ ದಾರದಲ್ಲಿ ಪೋಣಿಸಿಕೊಂಡು ಓಡಾಡುತ್ತಿತ್ತು. 1860ರಲ್ಲಿ ಹಡಗು ಹತ್ತಿದವನ ಗಂಟಿನಲ್ಲಿ 1700ರ ನಾಣ್ಯ ಇದ್ದದ್ದು ವಿಶೇಷವಲ್ಲ.

ಅಮೆರಿಕದ ಅಂಗಡಿಯಲ್ಲಿ ಈ ನಾಣ್ಯಕ್ಕೆ ಬೆಲೆಯೂ ಇರಲಿಲ್ಲ. ಫಾನ್‌ಟಾನ್ ಎಂಬ ಜೂಜಿನಲ್ಲಿ ಎಣಿಕೆಯ ಕಾಯಿಯಾಗಿ, ಕೆಟ್ಟದ್ದನ್ನು ತಡೆಯುವ ತಾಯಿತವಾಗಿ, ಬರೀ ಅಲಂಕಾರವಾಗಿ ಬಳಕೆಯಾಗುತ್ತಿತ್ತು. ನಾಣ್ಯದ ಮೇಲಿನ ಹೆಸರು ಅದು ಅಚ್ಚಾದ ಕಾಲ ಹೇಳುತ್ತದೆ, ನೆಲಕ್ಕೆ ಬಿದ್ದ ಕಾಲವನ್ನಲ್ಲ. ಹಂಪಿಯ ಬಯಲಲ್ಲಿ ಸಿಕ್ಕ ಪ್ರತಿ ಚೂರಿಗೂ ಕೃಷ್ಣದೇವರಾಯನ ಕಾಲ ಹಚ್ಚುವ ನಮಗೆ ಈ ಎಚ್ಚರ ಒಳ್ಳೆಯದು.

ತಪ್ಪು ಕಲ್ಪನೆ: ಅಫೀಮಿನ ಕೊಳವೆ ಇದ್ದಲ್ಲಿ ಅಪರಾಧದ ಕತ್ತಲೆ ಕೋಣೆ ಇತ್ತು.

ವಾಸ್ತವ: ಅಫೀಮಿನ ಹಿತ್ತಾಳೆ ಡಬ್ಬಿ, ಕೊಳವೆಯ ಮಣ್ಣಿನ ಬುರುಡೆ ಇವುಗಳಿಲ್ಲದ ಸಂಗ್ರಹವೇ ಅಪರೂಪ. ನೋಡುಗರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಸೇದುವ ಅಫೀಮಿನ ಆಮದನ್ನು ಅಮೆರಿಕ ನಿಷೇಧಿಸಿದ್ದು 1909ರಲ್ಲಿ. ಅಲ್ಲಿಯ ತನಕ ಅದು ಬಂದರಿನಲ್ಲಿ ಸುಂಕ ಕಟ್ಟಿಸಿಕೊಂಡು ಒಳಬರುತ್ತಿದ್ದ ಸರಕು. ಸರ್ಕಾರಕ್ಕೆ ಅದರಿಂದ ಆದಾಯವೂ ಇತ್ತು. ಅದೇ ಕಾಲದಲ್ಲಿ ಬಿಳಿಯರ ಮಧ್ಯಮ ವರ್ಗದ ಮನೆಗಳಲ್ಲಿ ಮದ್ಯದಲ್ಲಿ ಕರಗಿಸಿದ ಅಫೀಮು ಕೆಮ್ಮಿಗೆ, ನಿದ್ದೆಗೆ, ಮಕ್ಕಳ ಹೊಟ್ಟೆನೋವಿಗೆ ಔಷಧಿಯ ಹೆಸರಿನಲ್ಲಿ ಸೀಸೆಗಟ್ಟಲೆ ಖರ್ಚಾಗುತ್ತಿತ್ತು. ಆ ಸೀಸೆಗೆ ಇಲ್ಲದ ಕಳಂಕ ಈ ಕೊಳವೆಗೆ ಅಂಟಿತು. ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಪ್ರವಾಸಿ ಮಾರ್ಗದರ್ಶಿಗಳು ಬಂದವರಿಗೆ ತೋರಿಸಲೆಂದೇ ಅಫೀಮು ಕೋಣೆಯ ನಾಟಕ ಏರ್ಪಡಿಸುತ್ತಿದ್ದುದೂ ದಾಖಲಾಗಿದೆ.

ಇಲ್ಲಿ ಭಾರತದ ಪಾಲನ್ನು ಮರೆಯುವಂತಿಲ್ಲ. ಗುವಾಂಗ್‌ಡಾಂಗ್‌ಗೆ ಈ ಚಟ ಅಂಟಿಸಿದ ಸರಕು ಬ್ರಿಟಿಷರ ಕಾಲದಲ್ಲಿ ಬಿಹಾರದಿಂದ ಕಲ್ಕತ್ತೆಯ ಮೂಲಕ, ಮಾಳವದಿಂದ ಮುಂಬಯಿಯ ಮೂಲಕ ಹೋಗುತ್ತಿತ್ತು. ಮೊದಲ ಅಫೀಮು ಯುದ್ಧ ನಡೆದದ್ದು 1839ರಿಂದ 1842ರವರೆಗೆ. ಅದರ ಮುಂದಿನ ದಶಕದಲ್ಲೇ ದಕ್ಷಿಣ ಚೀನಾದ ಜನ ಬಂಗಾರದ ಬೆಟ್ಟದ ದಾರಿ ಹಿಡಿದರು. ಗಾಜಿನ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ಗಂಗೆಯ ಬಯಲಿನ ಹೆಸರೂ ಇದ್ದರೆ ತಪ್ಪಿಲ್ಲ.

ತಪ್ಪು ಕಲ್ಪನೆ: ಬಟ್ಟೆ ಒಗೆಯುವುದು ಚೀನೀಯರ ಕುಲಕಸುಬು; ಇಸ್ತ್ರಿಪೆಟ್ಟಿಗೆ ಅದರ ಗುರುತು.

ವಾಸ್ತವ: ಚೀನಾದ ಹಳ್ಳಿಯಲ್ಲಿ ಬಟ್ಟೆ ಒಗೆಯುವುದು ಹೆಂಗಸರ ಮನೆಗೆಲಸ. ಗಂಡಸಿನ ಕಸುಬಾಗಿ ಅದು ಹುಟ್ಟಿದ್ದೇ ಅಮೆರಿಕದಲ್ಲಿ. ಚಿನ್ನದ ಹುಚ್ಚಿನ ಮೊದಲ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಂಗಸರು ಕಡಿಮೆ, ಒಗೆಯುವವರಂತೂ ಇಲ್ಲವೇ ಇಲ್ಲ. ಉಳ್ಳವರು ಕೊಳೆ ಅಂಗಿಗಳನ್ನು ಹಡಗಿನಲ್ಲಿ ಹೊನಲುಲುವಿಗೆ ಕಳಿಸುತ್ತಿದ್ದರಂತೆ! ಇತ್ತ ಕ್ಯಾಲಿಫೋರ್ನಿಯಾ ಸರ್ಕಾರ 1850ರಲ್ಲಿ ಹೊರದೇಶದ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿತು; 1852ರ ತೆರಿಗೆಯ ಹೊರೆಯಂತೂ ಮುಖ್ಯವಾಗಿ ಚೀನೀಯರ ತಲೆಯ ಮೇಲೆ ಬಿತ್ತು. ಗಣಿಯಿಂದ ಹೊರದಬ್ಬಿಸಿಕೊಂಡವನಿಗೆ ಉಳಿದದ್ದು ಬಂಡವಾಳ ಬೇಡದ, ಇಂಗ್ಲಿಷ್ ಹೆಚ್ಚು ಬೇಡದ, ಬಿಳಿಯರು ಬೇಡವೆಂದ ಕೆಲಸ. ಒಲೆಯ ಮೇಲೆ ಕಾಯಿಸಿ ತಿಕ್ಕುವ ಎಂಟು ಪೌಂಡಿನ ಆ ಕಬ್ಬಿಣವನ್ನೇ ಅವರು ತಮ್ಮ ಜೀವನೋಪಾಯ ಎಂದು ಕರೆದುಕೊಂಡರು.

ಅದಕ್ಕೂ ಅಡ್ಡಗಾಲು ಬಿತ್ತು. ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಅನುಮತಿ ಬೇಕೆಂದು ಸ್ಯಾನ್ ಫ್ರಾನ್ಸಿಸ್ಕೋ ನಿಯಮ ಮಾಡಿತು. ಅರ್ಜಿ ಹಾಕಿದ ಸುಮಾರು 200 ಚೀನೀಯರಲ್ಲಿ ಒಬ್ಬರಿಗೂ ಸಿಗಲಿಲ್ಲ. ಚೀನೀಯರಲ್ಲದ ಸುಮಾರು 80 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಯಿಕ್ ವೋ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ 1886ರಲ್ಲಿ ಸುಪ್ರೀಂ ಕೋರ್ಟು, ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಆಗಿರುವ ಕಾನೂನನ್ನು ಪಕ್ಷಪಾತದಿಂದ ಜಾರಿ ಮಾಡಿದರೆ ಅದೂ ಸಮಾನತೆಯ ಉಲ್ಲಂಘನೆಯೇ ಎಂದಿತು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪು ಅದು, ಒಂದು ಲಾಂಡ್ರಿಯಿಂದ ಬಂದದ್ದು.

ತಪ್ಪು ಕಲ್ಪನೆ: ಅವರು ತಮ್ಮ ಪಾಡಿಗೆ ತಾವಿದ್ದರು, ಅವರ ವೈದ್ಯ ಅವರಿಗೆ, ಅವರ ಅಂಗಡಿ ಅವರಿಗೆ. ದುಡ್ಡು ಕೂಡಿಸಿಕೊಂಡು ಊರಿಗೆ ಮರಳುವುದೊಂದೇ ಗುರಿ.

ವಾಸ್ತವ: ಒರೆಗಾನ್ ರಾಜ್ಯದ ಪೂರ್ವದಲ್ಲಿ ಜಾನ್ ಡೇ ಎಂಬ ಪುಟ್ಟ ಊರಿದೆ. ಅಲ್ಲಿ 1860ರ ದಶಕದಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಯ, ಸಣ್ಣ ಕಿಟಕಿಯ, ಕಬ್ಬಿಣ ಹೊದಿಸಿದ ಕದದ ಒಂದು ಕಟ್ಟಡ. ಹೆಸರು ಕಾಮ್ ವಾ ಚುಂಗ್. 1880ರ ದಶಕದ ಕೊನೆಯಲ್ಲಿ ಇದನ್ನು ಇಬ್ಬರು ವಹಿಸಿಕೊಂಡರು: ನಾಡಿ ಹಿಡಿದು ರೋಗ ಹೇಳುವ ವೈದ್ಯ ಇಂಗ್ ಹೇ, ಇಂಗ್ಲಿಷ್ ಬಲ್ಲ ವ್ಯಾಪಾರಿ ಲುಂಗ್ ಆನ್. ಮುಂದಿನ ಅರವತ್ತು ವರ್ಷ ಅದೇ ಅಂಗಡಿ, ಅದೇ ಔಷಧಾಲಯ, ಅದೇ ಗುಡಿ, ಅದೇ ಅಂಚೆಕಟ್ಟೆ, ಅದೇ ಮಲಗುವ ಮನೆ. ಕೂಲಿ ಬೇಕಾದವರು ಬಂದು ವಿಚಾರಿಸುತ್ತಿದ್ದುದೂ ಅಲ್ಲೇ.

ಗಣಿಗಳು ಬರಿದಾಗಿ ಚೀನೀಯರು ಊರು ಬಿಡುತ್ತ ಹೋದಂತೆ ಇಂಗ್ ಹೇ ಅವರ ಬಾಗಿಲಿಗೆ ಬರುವವರಲ್ಲಿ ಬಿಳಿಯರೇ ಹೆಚ್ಚಾದರು. ದನ ಕಾಯುವವರು, ಸೌದೆ ಕಡಿಯುವವರು, ಅವರ ಹೆಂಡತಿ ಮಕ್ಕಳು ಎಲ್ಲರಿಗೂ ಅವರು ಡಾಕ್ಟರ್ ಹೇ. ಗಾಯ ಕೀವಾಗಿ ನಂಜೇರಿದವರನ್ನು ಉಳಿಸುವುದರಲ್ಲಿ ಅವರದು ಎತ್ತಿದ ಕೈ ಎಂದು ಸುತ್ತಲ ಊರುಗಳಲ್ಲಿ ಹೆಸರಿತ್ತು. ನಮ್ಮ ಕಡೆ ನಾಟಿ ವೈದ್ಯರ ಅಂಗಳದಲ್ಲಿ ಜಾತಿ ಮತ ನೋಡದೆ ಕಾಯುವ ಜನರ ಸಾಲು ಕಂಡವರಿಗೆ ಇದು ಅಚ್ಚರಿ ಎನಿಸದು. ಲುಂಗ್ ಆನ್ ಇನ್ನೊಂದು ಬಗೆಯ ಗಟ್ಟಿಗ: ಆ ಸೀಮೆಯಲ್ಲಿ ಮೋಟಾರು ಕಾರು ಮಾರಲು ಮೊದಲಿಗೆ ಇಳಿದವರಲ್ಲಿ ಒಬ್ಬ.

ಲುಂಗ್ ಆನ್ 1940ರಲ್ಲಿ ತೀರಿಕೊಂಡರು. ಸೊಂಟದ ಮೂಳೆ ಮುರಿದುಕೊಂಡ ಇಂಗ್ ಹೇ 1948ರಲ್ಲಿ ಚಿಕಿತ್ಸೆಗೆಂದು ಬೀಗ ಹಾಕಿ ಪೋರ್ಟ್‌ಲ್ಯಾಂಡಿಗೆ ಹೋದವರು ಮರಳಲಿಲ್ಲ; 1952ರಲ್ಲಿ ತೀರಿಕೊಂಡರು. ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಲಿ ಎಂಬುದು ಅವರ ಇಚ್ಛೆ. ಊರು ಅದನ್ನು ಮರೆತೇಬಿಟ್ಟಿತು. 1960ರ ದಶಕದ ಕೊನೆಯಲ್ಲಿ ಬೀಗ ತೆಗೆದರೆ ಇಟ್ಟದ್ದು ಇಟ್ಟಲ್ಲೇ ಇತ್ತು: ಐನೂರಕ್ಕೂ ಹೆಚ್ಚು ಬಗೆಯ ಮೂಲಿಕೆಗಳು, ಒಣಗಿಸಿದ ಕರಡಿಯ ಪಾದ, ಅಮೆರಿಕದ ಡಬ್ಬಿ ತಿನಿಸು, ತಂಬಾಕು, ಪಟಾಕಿ, ದೇವರ ಮುಂದಿನ ಊದಿನಕಡ್ಡಿ. ಇಂಗ್ ಹೇ ಅವರ ಮಂಚದ ಕೆಳಗಿದ್ದ ಪೆಟ್ಟಿಗೆಯಲ್ಲಿ ರೋಗಿಗಳು ಕೊಟ್ಟ, ಬ್ಯಾಂಕಿಗೆ ಹಾಕದೇ ಬಿಟ್ಟ ಚೆಕ್ಕುಗಳಿದ್ದವು. ಮೊತ್ತ ಸುಮಾರು 23,000 ಡಾಲರ್. ಇಬ್ಬರಿಗೂ ಚೀನಾದಲ್ಲಿ ಹೆಂಡತಿ, ಮಕ್ಕಳಿದ್ದರು. ಮನೆಗೆ ಬಾ ಎಂದು ಅಲ್ಲಿಂದ ಬಂದ ಪತ್ರಗಳೂ ಸಂಗ್ರಹದಲ್ಲಿವೆ. ಇಬ್ಬರೂ ಹೋಗಲಿಲ್ಲ. ಇಬ್ಬರ ಸಮಾಧಿಯೂ ಜಾನ್ ಡೇ ಊರಲ್ಲೇ ಇದೆ. 2005ರಲ್ಲಿ ಕಟ್ಟಡಕ್ಕೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮನ್ನಣೆ ಸಿಕ್ಕಿತು.

ಮರಳುವ ಆಸೆ ಯಾರಿಗೂ ಇರಲಿಲ್ಲ ಎಂದಲ್ಲ. ಸತ್ತ ಮೇಲಾದರೂ ಮೂಳೆ ಊರು ಸೇರಲೆಂದು ಹಣ ಕೂಡಿಸಿ ಹಾಂಗ್‌ಕಾಂಗಿನ ಮೂಲಕ ಅಸ್ಥಿಪೆಟ್ಟಿಗೆ ಕಳಿಸುವ ಏರ್ಪಾಟು ದೊಡ್ಡದಾಗಿಯೇ ನಡೆಯುತ್ತಿತ್ತು. ಆದರೆ 1882ರ ಚೀನೀ ಬಹಿಷ್ಕಾರ ಕಾಯ್ದೆ ಕೂಲಿಕಾರರ ಪ್ರವೇಶ ನಿಲ್ಲಿಸಿತ್ತು, ಅಲ್ಲಿದ್ದವರು ಅಮೆರಿಕದ ಪ್ರಜೆಗಳಾಗುವಂತೆಯೂ ಇರಲಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಬಿಡದ ದೇಶವೇ, ಇವರು ಇಲ್ಲಿ ನೆಲೆನಿಲ್ಲುವ ಜನ ಅಲ್ಲ ಎಂದು ದೂರಿದ್ದು ವಿಚಿತ್ರ ನ್ಯಾಯ.

ತಪ್ಪು ಕಲ್ಪನೆ: ಬಟ್ಟಲು, ಭರಣಿ ಸುಳ್ಳು ಹೇಳಬಹುದು, ಸರ್ಕಾರಿ ದಾಖಲೆ ಸುಳ್ಳು ಹೇಳದು.

ವಾಸ್ತವ: ಈ ಸಂಗ್ರಹಗಳಲ್ಲಿ ಅತಿ ಹೆಚ್ಚು ಸುಳ್ಳು ತುಂಬಿರುವುದು ಸರ್ಕಾರಿ ಕಾಗದಗಳಲ್ಲೇ. ಆ ಸುಳ್ಳನ್ನು ಹೆತ್ತದ್ದೂ ಸರ್ಕಾರವೇ.

ಬಹಿಷ್ಕಾರ ಕಾಯ್ದೆಯಿಂದ ವ್ಯಾಪಾರಿಗಳಿಗೆ ವಿನಾಯಿತಿ ಇತ್ತು. ಅಮೆರಿಕದಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳಿಗೆ ಒಳಬರುವ ಹಕ್ಕಿತ್ತು. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ, ಹಿಂದೆಯೇ ಬೆಂಕಿ. ನಗರದ ಜನನ ದಾಖಲೆಗಳೆಲ್ಲ ಸುಟ್ಟುಹೋದವು. ನಾನು ಇಲ್ಲೇ ಹುಟ್ಟಿದವನು ಎಂದರೆ ಅಲ್ಲಗಳೆಯಲು ಇನ್ನು ಕಾಗದವಿಲ್ಲ. ಹಾಗೆ ಪ್ರಜೆಯಾದವನು ಚೀನಾಕ್ಕೆ ಹೋಗಿ ಬಂದು ನನಗೊಬ್ಬ ಮಗ ಹುಟ್ಟಿದ ಎಂದು ಬರೆಸುತ್ತಿದ್ದ. ಆ ಮಗನ ಜಾಗವನ್ನು ನೆರೆಮನೆಯ ಹುಡುಗನಿಗೋ ದಾಯಾದಿಯ ಮಗನಿಗೋ ಮಾರುತ್ತಿದ್ದ. ಇವರೇ ಕಾಗದದ ಮಕ್ಕಳು.

ಅಧಿಕಾರಿಗಳಿಗೂ ಇದು ಗೊತ್ತಿತ್ತು. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ನಡೆದ ವಲಸೆ ಠಾಣೆಯಲ್ಲಿ ವಿಚಾರಣೆ ದಿನಗಟ್ಟಲೆ ಎಳೆಯುತ್ತಿತ್ತು. ನಿನ್ನ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿಯ ಪೀಪಾಯಿ ಯಾವ ಮೂಲೆಯಲ್ಲಿದೆ? ಎರಡನೇ ಸಾಲಿನ ಮೂರನೇ ಮನೆ ಯಾರದು? ಅಪ್ಪನನ್ನು ಬೇರೆಯಾಗಿ, ಮಗನನ್ನು ಬೇರೆಯಾಗಿ ಕೇಳಿ ತಾಳೆ ನೋಡುತ್ತಿದ್ದರು. ನಿಜವಾದ ಅಪ್ಪ ಮಕ್ಕಳೂ ಇದರಲ್ಲಿ ಎಡವುತ್ತಿದ್ದರು. ನಮ್ಮನೆಯ ಮೆಟ್ಟಿಲನ್ನು ನಾವೆಷ್ಟು ಮಂದಿ ಎಣಿಸಿದ್ದೇವೆ? ಇದಕ್ಕೆಂದೇ ಪ್ರಶ್ನೋತ್ತರದ ಕೈಬರಹದ ಪುಸ್ತಕಗಳು ಹುಟ್ಟಿದವು. ಹಡಗಿನಲ್ಲಿ ಬಾಯಿಪಾಠ ಮಾಡಿ, ದಡ ಕಾಣುವ ಮೊದಲು ಸಮುದ್ರಕ್ಕೆ ಎಸೆಯಬೇಕಿದ್ದ ಆ ಪುಸ್ತಕಗಳಲ್ಲಿ ಕೆಲವು ಹೇಗೋ ಉಳಿದು ಇಂದು ಗಾಜಿನೊಳಗೆ ಕೂತಿವೆ. ನನ್ನನ್ನು ಕೇಳಿದರೆ ಇಡೀ ಸಂಗ್ರಹದಲ್ಲಿ ಇವುಗಳಿಗಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ; ರೇಷ್ಮೆ ನಿಲುವಂಗಿಗಳು ಆಮೇಲೆ.

ಏಂಜೆಲ್ ದ್ವೀಪದ ಠಾಣೆಯ ಕೊಠಡಿಯಲ್ಲಿ ವಾರ, ತಿಂಗಳು ಕಾದವರು ಮರದ ಗೋಡೆಯಲ್ಲಿ ಪದ್ಯ ಕೊರೆದರು. 1970ರಲ್ಲಿ ಕಟ್ಟಡ ಕೆಡವುವ ಮೊದಲು ಅಲೆಕ್ಸಾಂಡರ್ ವೈಸ್ ಎಂಬ ಉದ್ಯಾನ ಕಾವಲುಗಾರ ಅವನ್ನು ಕಂಡು ಗುಲ್ಲೆಬ್ಬಿಸಿದ್ದರಿಂದ ಗೋಡೆ ಉಳಿಯಿತು. ಅದೇ ಠಾಣೆಯಲ್ಲಿ ಭಾರತೀಯರನ್ನೂ, ಹೆಚ್ಚಾಗಿ ಪಂಜಾಬಿನವರನ್ನು, ಕೂಡಿಹಾಕುತ್ತಿದ್ದರು. 1917ರ ಕಾಯ್ದೆ ಭಾರತವನ್ನೂ ನಿಷೇಧಿತ ವಲಯಕ್ಕೆ ಸೇರಿಸಿ ಬಾಗಿಲು ಮುಚ್ಚಿತು.

ಇನ್ನೊಂದು ಕಾಗದ ನೋಡಿ: ಫೋಟೋ ಅಂಟಿಸಿದ ವಾಸದ ಪ್ರಮಾಣಪತ್ರ. 1892ರ ಗಿಯರಿ ಕಾಯ್ದೆಯ ಪ್ರಕಾರ ಚೀನೀ ಕೂಲಿಕಾರರು ಇದನ್ನು ಪಡೆದಿರಲೇಬೇಕಿತ್ತು. ಇಲ್ಲದಿದ್ದರೆ ಬಂಧನ, ಗಡೀಪಾರು. ಬೇರಾವ ಸಮುದಾಯಕ್ಕೂ ಆಗ ಇಂಥ ಕಟ್ಟಳೆ ಇರಲಿಲ್ಲ. ಸಮುದಾಯದ ಸಂಘಗಳು ನೋಂದಣಿ ಬೇಡವೆಂದು ಕರೆ ಕೊಟ್ಟು ಸುಪ್ರೀಂ ಕೋರ್ಟಿನವರೆಗೆ ಹೋದವು, 1893ರಲ್ಲಿ ಸೋತವು. ಪ್ರದರ್ಶನದಲ್ಲಿ ಇದನ್ನು ಅಜ್ಜನ ಚೆಂದದ ಭಾವಚಿತ್ರ ಎಂದು ಮೆಚ್ಚಿ ಮುಂದೆ ಹೋಗುವವರೇ ಹೆಚ್ಚು. ಬಹಿಷ್ಕಾರ ಕಾಯ್ದೆ ರದ್ದಾದದ್ದು 1943ರಲ್ಲಿ, ಚೀನಾ ಯುದ್ಧದಲ್ಲಿ ಮಿತ್ರದೇಶವಾದ ಮೇಲೆ. ಆಗಲೂ ವರ್ಷಕ್ಕೆ ಒಳಬಿಟ್ಟದ್ದು 105 ಮಂದಿಯನ್ನು.

ತಪ್ಪು ಕಲ್ಪನೆ: ಭವಿಷ್ಯದ ಚೀಟಿ ಅಡಗಿಸಿದ ಬಿಸ್ಕತ್ತು ಚೀನಾದ ಪುರಾತನ ತಿನಿಸು.

ವಾಸ್ತವ: ಅಲ್ಲ, ಜಪಾನಿನದು. 1878ರ ಜಪಾನೀ ಚಿತ್ರವೊಂದರಲ್ಲೇ ಅದನ್ನು ಸುಡುವವನ ಚಿತ್ರವಿದೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮಾಡುತ್ತಿದ್ದ ಜಪಾನೀ ಬೇಕರಿಯವರನ್ನು 1942ರಲ್ಲಿ ಸರ್ಕಾರ ಶಿಬಿರಗಳಿಗೆ ತಳ್ಳಿದ ಮೇಲೆ ವ್ಯಾಪಾರ ಚೀನೀಯರ ಕೈಗೆ ಬಂತು. ಗೋಬಿ ಮಂಚೂರಿಯನ್ನು ಮಂಚೂರಿಯಾದಲ್ಲಿ ಹುಡುಕದಷ್ಟು ವಿವೇಕ ನಮಗಿದೆ. ಇಲ್ಲೂ ಅದೇ ಸಾಕು.

ತಪ್ಪು ಕಲ್ಪನೆ: ಅಸಲಿ ವಸ್ತುಗಳು ಚೀನಾದಲ್ಲಿವೆ, ವಲಸೆ ಹೋದವರ ಬಳಿ ಇರುವುದು ನಕಲು.

ವಾಸ್ತವ: ಆಸ್ಟ್ರೇಲಿಯಾದ ಬೆಂಡಿಗೊ ಕೂಡ ಚಿನ್ನ ಸಿಕ್ಕ ಊರು. ಅಲ್ಲಿನ ಚೀನೀಯರು ಊರ ಆಸ್ಪತ್ರೆಗೆ ಹಣ ಕೂಡಿಸುವ ಈಸ್ಟರ್ ಮೆರವಣಿಗೆಯಲ್ಲಿ 19ನೇ ಶತಮಾನದಿಂದಲೇ ಭಾಗವಹಿಸುತ್ತ ಬಂದವರು. ಅದಕ್ಕೆಂದು 1880ರ ದಶಕದಿಂದ ಗುವಾಂಗ್‌ಡಾಂಗ್‌ನ ಕುಶಲಕರ್ಮಿಗಳಿಂದ ಕಸೂತಿಯ ಪತಾಕೆ, ಪೋಷಾಕು, ಡ್ರ್ಯಾಗನ್ನುಗಳನ್ನು ತರಿಸಿದರು. ಚೀನಾದಲ್ಲಿ ಇದೇ ಬಗೆಯ ಮೆರವಣಿಗೆ ಸಾಮಗ್ರಿ ಯುದ್ಧ, ಕ್ರಾಂತಿ, ಆಮೇಲೆ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಬಹುಮಟ್ಟಿಗೆ ನಾಶವಾಯಿತು. ಬೆಂಡಿಗೊದಲ್ಲಿ ಪೆಟ್ಟಿಗೆಯೊಳಗೆ ಉಳಿಯಿತು. ಅಲ್ಲಿನ ಗೋಲ್ಡನ್ ಡ್ರ್ಯಾಗನ್ ಮ್ಯೂಸಿಯಂ 1991ರಲ್ಲಿ ತೆರೆಯಿತು. ಅಲ್ಲಿರುವ ಲೂಂಗ್ ಎಂಬ ಡ್ರ್ಯಾಗನ್, ಜಗತ್ತಿನಲ್ಲಿ ಇಡಿಯಾಗಿ ಉಳಿದಿರುವ ಅತಿ ಹಳೆಯವುಗಳಲ್ಲಿ ಒಂದು. ಇಂದು ತಮ್ಮದೇ ಕಸೂತಿಯ ಹಳೆಯ ಮಾದರಿ ನೋಡಬೇಕೆನ್ನುವ ಗುವಾಂಗ್‌ಡಾಂಗ್‌ನವರು ಆಸ್ಟ್ರೇಲಿಯಾದ ಕಡೆ ಕಣ್ಣು ಹಾಯಿಸಬೇಕು.

ಲೂಂಗ್‌ನ ವಿಷಯದಲ್ಲಿ ಇನ್ನೊಂದು ಮಾತಿದೆ. 1901ರಲ್ಲಿ ಆಸ್ಟ್ರೇಲಿಯಾ ಒಕ್ಕೂಟವಾದ ಸಂಭ್ರಮಕ್ಕೆ ಮೆಲ್ಬರ್ನ್‌ನ ಬೀದಿಯಲ್ಲಿ ಅದು ಕುಣಿಯಿತು. ಆ ಹೊಸ ಸಂಸತ್ತು ಅದೇ ವರ್ಷದ ಡಿಸೆಂಬರಿನಲ್ಲಿ ಮಾಡಿದ ವಲಸೆ ನಿರ್ಬಂಧ ಕಾಯ್ದೆ, ಬಿಳಿಯರಲ್ಲದವರನ್ನು ಹೊರಗಿಡುವ ನೀತಿಗೆ ಅಡಿಪಾಯವಾಯಿತು.

ತಪ್ಪು ಕಲ್ಪನೆ: ಸಂಗ್ರಹದಲ್ಲಿ ಇಲ್ಲದ್ದು ಬದುಕಿನಲ್ಲೂ ಇರಲಿಲ್ಲ.

ವಾಸ್ತವ: ಹೆಂಗಸರ ಸಾಮಾನು ಕಡಿಮೆ ಏಕೆಂದರೆ 1875ರ ಪೇಜ್ ಕಾಯ್ದೆ ಚೀನೀ ಹೆಂಗಸರನ್ನು ಸೂಳೆಗಾರಿಕೆಯ ಶಂಕೆಯ ಮೇಲೆ ಬಂದರಿನಲ್ಲೇ ತಡೆಯಿತು.

ರೈಲಿನ ಕಥೆ ಇನ್ನೂ ದೊಡ್ಡ ಕೊರತೆ. ಸೆಂಟ್ರಲ್ ಪೆಸಿಫಿಕ್ ಕಂಪನಿ ಸಿಯೆರಾ ನೆವಾಡಾದ ಕಲ್ಲುಬೆಟ್ಟ ಕೊರೆದು ಹಳಿ ಹಾಸಿದ್ದು ಚೀನೀ ಕೂಲಿಗಳಿಂದ. ಒಂದು ಹಂತದಲ್ಲಿ ಅವರ ಸಂಖ್ಯೆ ಹತ್ತು ಸಾವಿರ ಮೀರಿತ್ತು. 1867ರ ಜೂನಿನಲ್ಲಿ ಬಿಳಿಯರಿಗೆ ಸಮನಾದ ಕೂಲಿ ಕೇಳಿ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಕಂಪನಿ ಬೆಟ್ಟದ ಮೇಲಿನ ಡೇರೆಗಳಿಗೆ ಅಕ್ಕಿಬೇಳೆ ಹೋಗದಂತೆ ತಡೆದು ವಾರದೊಳಗೆ ಮಣಿಸಿತು. ಸಂಬಳದ ಹಾಳೆಗಳು ಸ್ಯಾಕ್ರಮೆಂಟೋದ ರೈಲ್ವೆ ಮ್ಯೂಸಿಯಂನಲ್ಲಿ ಉಳಿದಿವೆ. ಅದರಲ್ಲಿ ಹುಂಗ್ ವಾ ಮುಂತಾದ ಮೇಸ್ತ್ರಿಗಳ ಹೆಸರಿದೆ. ಅವರ ಕೈಕೆಳಗಿನವರದು ಬಹುಪಾಲು ಬರೀ ತಲೆಯೆಣಿಕೆ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ದೊಡ್ಡ ಯೋಜನೆಯೊಂದನ್ನು ಹಿಡಿದು ಅಮೆರಿಕದ ದಫ್ತರಗಳಿಂದ ಗುವಾಂಗ್‌ಡಾಂಗ್‌ನ ಹಳ್ಳಿಗಳವರೆಗೆ ಜಾಲಾಡಿದರು. ಬೆಟ್ಟದ ಶಿಬಿರಗಳಲ್ಲಿ ಬಟ್ಟಲಿನ ಚೂರು, ಸೋಯಾ ರಸದ ಕಂದು ಭರಣಿ, ಜೂಜಿನ ಕಾಯಿ, ಬಾಣಲೆಯ ತುಂಡು ಸಿಕ್ಕವು. ಸ್ಯಾನ್ ಹೋಸೆಯಂಥ ಕೆಲವು ಕಡೆ ಸಿಕ್ಕ ಬಟ್ಟಲುಗಳ ಮೇಲೆ ಉಂಡವರು ಮೊನೆಯಿಂದ ಕುಟ್ಟಿ ಅಕ್ಷರ ಮೂಡಿಸಿದ್ದಾರೆ, ತಮ್ಮ ಬಟ್ಟಲು ಇನ್ನೊಬ್ಬನ ಪಾಲಾಗದಿರಲೆಂದು. ಆದರೆ ಹಳಿ ಹಾಸಿದ ಕೂಲಿಯೊಬ್ಬ ತನ್ನ ಕೈಯಾರೆ ಬರೆದ ಒಂದು ಪತ್ರ, ಒಂದು ದಿನಚರಿ ಆ ಹುಡುಕಾಟದಲ್ಲಿ ಸಿಗಲಿಲ್ಲ. ಅವರು ಬರೆಯಲಿಲ್ಲ ಎಂದಲ್ಲ, ಬಂಗಾರದ ಬೆಟ್ಟ ಮತ್ತು ಹುಟ್ಟೂರಿನ ನಡುವೆ ಹಡಗುಗಳಲ್ಲಿ ಕಾಗದ ಓಡಾಡುತ್ತಲೇ ಇತ್ತು. ಈ ಕಡೆಯದನ್ನು ಕೇರಿಗಳಿಗೆ ಬಿದ್ದ ಬೆಂಕಿ ನುಂಗಿದರೆ ಆ ಕಡೆಯದನ್ನು ಒಂದಾದ ಮೇಲೊಂದು ಬಂದ ಯುದ್ಧಗಳು ನುಂಗಿದವು.